ತೀರ್ಥಪ್ಪನ ಮನೆ ಜಪ್ತಿಯಾದ ಪ್ರಸಂಗ

ತೀರ್ಥಪ್ಪನ ಮನೆ ಜಪ್ತಿಗೆ ಬಂದಿದೆ ಎಂಬ ಸುದ್ದಿಯನ್ನು ಅಜ್ಜಂಪುರದಲ್ಲಿ ಮೊಟ್ಟಮೊದಲು ಹೇಳಿದವನು ನಾನು. ಹೇಳುವಾಗ ನನಗೆ ದುಃಖವೇ ಆಗಿತ್ತು. ಆದರೆ ಆ ದುಃಖದ ಜೊತೆಗೆ, ಇಂಥದೊಂದು ಇಂಗ್ಲಿಷ್ ಪದದ ಅರ್ಥ ಇಡೀ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತು ಎಂಬ ಸಣ್ಣ ಸಂತೋಷವೂ ಇತ್ತು. ಸುಳ್ಳು ಹೇಳಬಾರದು.

ನನ್ನ ಹೆಸರು ಯೋಗಾನಂದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನಮ್ಮ ಬೀದಿಗೆ ಇಂಗ್ಲಿಷಿನಲ್ಲಿ ಏನೇ ಬರಲಿ, ವಿಮೆಯ ಕಾಗದವಾಗಲಿ ಕೆಮ್ಮಿನ ಔಷಧಿಯ ಬಾಟಲಿಯಾಗಲಿ, ಮೊದಲು ನನ್ನ ಜಗುಲಿಗೆ ಬರುತ್ತದೆ. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿ ಅರ್ಥ ಹೇಳುತ್ತೇನೆ. ಗೊತ್ತಿಲ್ಲ ಎಂದು ಯಾರನ್ನೂ ಹಿಂದಕ್ಕೆ ಕಳಿಸಿದ ನೆನಪಿಲ್ಲ.

ಪಕ್ಕದ ಮನೆಯವನು ತೀರ್ಥಪ್ಪ. ಈರುಳ್ಳಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಊರವರ ಭಾರವನ್ನೆಲ್ಲ ಕೆಜಿ ಲೆಕ್ಕದಲ್ಲಿ ಚೀಟಿಯ ಮೇಲೆ ಬರೆದುಕೊಡುತ್ತಿದ್ದ. ಹೆಂಡತಿ ಪಂಕಜಾಕ್ಷಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಕಡೂರಿನ ಬ್ಯಾಂಕೊಂದರಿಂದ ಹದಿನೈದು ವರ್ಷದ ಅವಧಿಗೆ ಸಾಲ ತೆಗೆದು, ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು.

ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಪಂಕಜಾಕ್ಷಿಯ ತಮ್ಮ ರೇವಣಪ್ಪ ಒಂದು ತಮಾಷೆ ಮಾಡಿದ. ಅವನು ಬುಕ್ಕಾಂಬುಧಿಯಲ್ಲಿ ಬೇಸಾಯ ಮಾಡಿಕೊಂಡಿರುವವನು, ಮಾತು ಸ್ವಲ್ಪ ಜೋರು.

“ಮನೆ ಚೆನ್ನಾಗೈತೆ ಬಿಡ್ರಪ್ಪಾ. ಆದ್ರೆ ಯಜಮಾನ ಮಾತ್ರ ಕಡೂರಲ್ಲವ್ನೆ, ಬ್ಯಾಂಕ್ನೋನು! ನಮ್ಮ ಭಾವ ಇಲ್ಲಿ ಬಾಡ್ಗೆಗವ್ರೆ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ತೀರ್ಥಪ್ಪ ಮಾತ್ರ ಬಾಯಲ್ಲಿದ್ದ ಹೋಳಿಗೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕೈ ತೊಳೆಯುವಾಗ ನನ್ನ ಪಕ್ಕಕ್ಕೆ ಬಂದು, “ಮೇಷ್ಟ್ರೇ, ಹದಿನೈದು ವರ್ಷ ಅಂತ ಕೊಟ್ಟವ್ರೆ. ಹತ್ತಕ್ಕೆ ತೀರಿಸಿ ಬಿಸಾಕ್ತೀನಿ. ನೀವೇ ಸಾಕ್ಷಿ” ಎಂದ.

ಅಂದಿನಿಂದ ಶುರುವಾಯಿತು. ಹಾಲು ಕಾಲು ಲೀಟರಿಗೆ ಇಳಿಯಿತು. ಗಡ್ಡ ವಾರಕ್ಕೊಮ್ಮೆಗೆ ಬಂತು. ತಲೆಗೂದಲನ್ನು ಕನ್ನಡಿ ಮುಂದೆ ನಿಂತು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಮುಂಭಾಗ ಪರವಾಗಿಲ್ಲ, ಹಿಂಭಾಗ ಮಾತ್ರ ದನ ಮೇದ ಹೊಲದ ಹಾಗಿರುತ್ತಿತ್ತು. ಪೇಪರ್ ಓದಲು ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದ. ರೈಲು ಕಾಯುವವರ ಹೆಗಲ ಮೇಲಿಂದ ಇಣುಕಿ ಓದಿ ಬರುತ್ತಿದ್ದ.

ಹೀಗೆ ಕೂಡಿಟ್ಟ ದುಡ್ಡು ಬ್ಯಾಂಕಿಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಏನಾದರೂ ಒಂದು ಕೆಡುತ್ತಿತ್ತು. ಇಪ್ಪತ್ತು ಸಾವಿರವಾಯಿತೆಂದು ಹೆಂಡತಿಗೆ ಹೇಳಿದ ಮರುದಿನವೇ ಬೋರ್‌ವೆಲ್ ಮೋಟಾರು ಸುಟ್ಟಿತು. ನಲವತ್ತು ಸಾವಿರ ಆದಾಗ ಪಂಕಜಾಕ್ಷಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಇನ್ನೊಮ್ಮೆ ಕೋತಿಗಳು ಮಾಳಿಗೆಯ ಮೇಲಿನ ನೀರಿನ ಟ್ಯಾಂಕನ್ನು ಉರುಳಿಸಿದವು. ಟ್ಯಾಂಕು ಬಿದ್ದದ್ದು ನನ್ನ ಅಡಿಗೆಮನೆಯ ಹೆಂಚಿನ ಮೇಲಾದ್ದರಿಂದ ಎರಡೂ ಮನೆಯ ಖರ್ಚು ಅವನ ತಲೆಗೆ ಬಂತು. ಬೇಡ ಎನ್ನಬಹುದಿತ್ತು. ನಾನು ಅನ್ನಲಿಲ್ಲ.

ಆಮೇಲೆ ತೀರ್ಥಪ್ಪನ ಅತ್ತೆಗೆ, ಅಂದರೆ ಪಂಕಜಾಕ್ಷಿಯ ತಾಯಿಗೆ, ಕಾಯಿಲೆಯಾಯಿತು. ಆಕೆ ಕಡೆಯ ಎಂಟು ತಿಂಗಳು ಈ ಮನೆಯಲ್ಲೇ ಇದ್ದರು. ತೀರ್ಥಪ್ಪ ಶಿವಮೊಗ್ಗದ ಆಸ್ಪತ್ರೆಗೆ ಹತ್ತಾರು ಸಲ ಕರೆದುಕೊಂಡು ಹೋಗಿ ಬಂದ. ಆ ಖರ್ಚಿನ ಬಗ್ಗೆ ಒಂದು ದಿನವೂ ಅವನು ಗೊಣಗಿದ್ದು ನಾನು ಕೇಳಲಿಲ್ಲ. ಮುದುಕಿಯೂ ಅಂಥವರೇ. ತಿಂಗಳು ತಿಂಗಳು ಬರುವ ವಿಧವಾ ಪಿಂಚಣಿಯಲ್ಲಿ ಇನ್ನೂರು ರೂಪಾಯಿ ಮಡಿಸಿ ಅಳಿಯನ ಅಂಗಿ ಜೇಬಿಗೆ ತುರುಕಿ, “ಸಾಲಕ್ಕೆ ಹಾಕ್ಕಳಪ್ಪಾ” ಅನ್ನುತ್ತಿದ್ದರು. ಅವನು ಅದನ್ನು ಹಾಗೇ ಬ್ಯಾಂಕಿಗೆ ಕಟ್ಟುತ್ತಿದ್ದ.

ಸಾಯುವ ಮುಂಚೆ ಆಕೆ ಕೇಳಿದ್ದು ಒಂದೇ. ಬುಕ್ಕಾಂಬುಧಿಯಲ್ಲಿ ರಸ್ತೆಗೆ ಅಂಟಿದ ತಮ್ಮದೇ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಬೇಕು. “ಅಲ್ಲಾದ್ರೆ ನಿಮ್ಮೂರ ಬಸ್ಸು ಹೋಗೋದು ಬರೋದು ಕಾಣ್ತೈತೆ ಕಣೇ” ಎಂದು ಮಗಳಿಗೆ ಹೇಳಿದ್ದರು. ಹಾಗೇ ಮಾಡಿದರು.

ಎರಡು ವರ್ಷ ಕಳೆದ ಮೇಲೆ ರೇವಣಪ್ಪನಿಗೆ ಆ ಹೊಲ ಮಾರುವ ಆಸೆ ಬಂತು. ರಸ್ತೆ ಬದಿ, ಒಳ್ಳೇ ಬೆಲೆ. ಆದರೆ ಖಾತೆಯಲ್ಲಿ ಅಕ್ಕನ ಹೆಸರೂ ಇತ್ತು. ಪಾಲು ಬಿಟ್ಟುಕೊಟ್ಟು ಸೈನ್ ಹಾಕಿದರೆ ಮೂರು ಲಕ್ಷ ಕೊಡುತ್ತೇನೆಂದ. ಪಂಕಜಾಕ್ಷಿ, “ಅವ್ವನ ಮಣ್ಣು ಅಲ್ಲೈತೆ. ನಾನು ಸತ್ರೂ ಸೈನ್ ಹಾಕಲ್ಲ” ಎಂದಳು. ಮಾತಿಗೆ ಮಾತು ಬೆಳೆಯಿತು. ಅಲ್ಲಿಂದ ಮೂರು ವರ್ಷ ಆಕೆ ತವರಿನ ಹೊಸ್ತಿಲು ತುಳಿಯಲಿಲ್ಲ. ಅಮಾವಾಸ್ಯೆಗೊಮ್ಮೆ ಬಸ್ಸಿನಲ್ಲಿ ಹೋಗಿ, ಹೊಂಗೆ ಮರದ ಬಳಿ ಇಳಿದು, ಅವ್ವನಿಗೆ ಹೂವಿಟ್ಟು ಮುಂದಿನ ಬಸ್ಸಿಗೆ ವಾಪಸ್ಸಾಗುತ್ತಿದ್ದಳು.

ಇತ್ತ ಹತ್ತು ವರ್ಷವೂ ಮುಗಿಯಿತು. ಸಾಲ ತೀರಿರಲಿಲ್ಲ. ತೀರ್ಥಪ್ಪನ ಶಪಥವನ್ನು ನಾನು ಮರೆತಿದ್ದೆ, ಅವನೂ ಮರೆತಿದ್ದಾನೆಂದುಕೊಂಡಿದ್ದೆ. ಆದರೆ ಅವನು ಒಂದು ಪಾಠ ಕಲಿತಿದ್ದ. ಒಂದು ಸಂಜೆ ವೇಬ್ರಿಡ್ಜಿನ ಮಾಲೀಕರು ದೀಪಾವಳಿಗೆ ಐದು ಸಾವಿರ ಕೊಟ್ಟರೆಂದು ಹೇಳಲು ನನ್ನನ್ನು ಮನೆಯಿಂದ ಎಬ್ಬಿಸಿ, ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ತನಕ ನಡೆಸಿಕೊಂಡು ಹೋದ.

“ಇದನ್ನ ಮನೇಲೇ ಹೇಳ್ಬೋದಿತ್ತಲ್ಲೋ” ಎಂದೆ.

“ಬ್ಯಾಡಿ ಮೇಷ್ಟ್ರೇ. ಮನೆಯೊಳಗೆ ದುಡ್ಡಿನ ಮಾತಾಡಿದ್ರೆ ಮೋಟ್ರು ಕೇಳಿಸ್ಕಂತೈತೆ.”

ನಾನು ನಕ್ಕೆ. ಅವನು ನಗಲಿಲ್ಲ.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಹೆಂಡತಿಗೂ ಹೇಳದೆ, ನನಗೂ ಹೇಳದೆ, ಮೋಟಾರಿಗೂ ಗೊತ್ತಾಗದಂತೆ ಕಡೂರಿನ ಅಂಚೆ ಕಚೇರಿಯಲ್ಲಿ ಐದು ವರ್ಷ ತಿಂಗಳು ತಿಂಗಳು ದುಡ್ಡು ಕಟ್ಟಿದ್ದ. ಅದು ಈ ಜಪ್ತಿಯ ಸುದ್ದಿ ಹುಟ್ಟಿದ ತಿಂಗಳು ಕೈಗೆ ಬರುವುದಿತ್ತು. ಬ್ಯಾಂಕಿಗೆ ಹೋಗಿ, ಸಾಲವನ್ನೆಲ್ಲ ಒಂದೇ ಸಲ ತೀರಿಸಬೇಕಾದರೆ ಎಷ್ಟಾಗುತ್ತದೆ ಎಂದು ಕೇಳಿದ್ದ. ಲೆಕ್ಕ ಹಾಕಿ ಕಾಗದ ಕಳಿಸುತ್ತೇವೆ, ಇಪ್ಪತ್ತೆಂಟರೊಳಗೆ ಬಂದು ಕಟ್ಟಿ ಎಂದಿದ್ದರು. ಮನೆಪತ್ರವನ್ನು ತಂದು ಹೆಂಡತಿಯ ಕೈಯಲ್ಲಿಟ್ಟು, ಆಕೆಯ ಮುಖ ನೋಡಬೇಕೆಂಬುದು ಅವನ ಆಸೆ. ಅಷ್ಟರಲ್ಲಿ ಮಾಲೀಕರು ಚೌಳಹಿರಿಯೂರಿನಲ್ಲಿ ಹೊಸ ವೇಬ್ರಿಡ್ಜ್ ಹಾಕಿಸಿ, ಹತ್ತು ದಿನ ಇದ್ದು ಅಲ್ಲಿಯ ಹುಡುಗರಿಗೆ ಕೆಲಸ ಕಲಿಸಿ ಬಾ ಎಂದು ಕಳಿಸಿದರು. ಬಸ್ ಚಾರ್ಜು ಉಳಿಯಲೆಂದು ತೀರ್ಥಪ್ಪ ಅಲ್ಲೇ ಉಳಿದ. ಮುಗಿಸಿಕೊಂಡು ನೆಟ್ಟಗೆ ಕಡೂರಿಗೆ ಹೋಗಿ ಸಾಲ ತೀರಿಸಿಯೇ ಮನೆಗೆ ಬರುವ ಯೋಚನೆ.

ಕಾಗದ ಬಂದದ್ದು ಹತ್ತೊಂಬತ್ತನೇ ತಾರೀಕು, ಇಳಿಹೊತ್ತಿನಲ್ಲಿ. ಪಂಕಜಾಕ್ಷಿ ಅದನ್ನು ತಂದು ನನ್ನ ಕೈಗೆ ಕೊಟ್ಟಳು. ಎದುರುಮನೆಯ ಕಾಂತಮ್ಮ ಕರಿಬೇವು ಕೇಳಲು ಬಂದು ಅಲ್ಲೇ ನಿಂತಿದ್ದರು.

ಮೇಲ್ಗಡೆ ದಪ್ಪಕ್ಷರದಲ್ಲಿ “ಫೋರ್‌ಕ್ಲೋಷರ್” ಎಂದಿತ್ತು. ಕೆಳಗೆ ತೀರ್ಥಪ್ಪನ ಹೆಸರು, ಸಾಲದ ನಂಬರು, ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರ ಅರವತ್ತು ರೂಪಾಯಿ, ಇಪ್ಪತ್ತೆಂಟನೇ ತಾರೀಕಿನವರೆಗೆ ಎಂದು ಒಂದು ಸಾಲು. ಪದ ಎಲ್ಲೋ ಓದಿದ ಹಾಗಿತ್ತು. ಆದರೂ ಒಳಗೆ ಹೋಗಿ ನಿಘಂಟು ತಂದು ತೆರೆದೆ. ಒತ್ತೆಯಿಟ್ಟ ಆಸ್ತಿಯನ್ನು, ಸಾಲ ಹಿಂದಿರುಗಿಸದ ಕಾರಣ, ಸಾಲ ಕೊಟ್ಟವನು ವಶಪಡಿಸಿಕೊಳ್ಳುವುದು. ಸ್ಪಷ್ಟವಾಗಿತ್ತು.

“ಏನಂತೆ ಮೇಷ್ಟ್ರೇ?”

“ಮೊದ್ಲು ಕೂತ್ಕೊಳ್ಳಮ್ಮಾ” ಎಂದೆ.

ಕಾಗದ ಓದುವವನು ಕೂತುಕೋ ಎಂದರೆ ಮುಂದಿನದು ಏನೆಂದು ಯಾರಿಗಾದರೂ ತಿಳಿಯುತ್ತದೆ. ಆಕೆ ಕಂಬ ಹಿಡಿದುಕೊಂಡಳು.

“ಇಪ್ಪತ್ತೆಂಟರೊಳಗೆ ಎರಡು ಲಕ್ಷ ಹದಿನಾಲ್ಕು ಸಾವಿರ ಕಟ್ಬೇಕು. ಇಲ್ದಿದ್ರೆ ಮನೆ ಜಪ್ತಿ ಅಂತ ಬರ್ದವ್ರೆ. ತೀರ್ಥಪ್ಪ ಕಂತು ಕಟ್ತಿಲ್ವೇನಮ್ಮ?”

“ಅಯ್ಯೋ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸ್ತಾರಲ್ಲ ಮೇಷ್ಟ್ರೇ! ಆ ದುಡ್ಡು ಇನ್ನೆಲ್ಲಿಗೆ ಹೋಗ್ತೈತೆ?”

ನಾನು ನಿಘಂಟನ್ನು ಮುಚ್ಚಿದೆ. ಕಾಂತಮ್ಮ ಕರಿಬೇವು ಮರೆತು ಬೀದಿಗೆ ಇಳಿದಾಗಿತ್ತು.

ಪಂಕಜಾಕ್ಷಿ ಅಲ್ಲೇ ಗಂಡನಿಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

“ರೀ, ಬ್ಯಾಂಕಿಂದ ಒಂದು ಕಾಗ್ದ ಬಂದೈತೆ...”

“ಶ್! ಎಲ್ಲಿಂದ ಮಾತಾಡ್ತಿದೀಯ ನೀನು? ಮನೆ ಹತ್ರನಾ? ಆ ಮಾತು ಎತ್ಲೇಬೇಡ! ಯಾರ ಹತ್ರಾನೂ ಬಾಯಿ ಬಿಡಬೇಡ! ಕಾಗ್ದ ಒಳಗಿಡು, ನಾನು ಬಂದು ನೋಡ್ಕಂತೀನಿ!”

ಫೋನು ಕಟ್ಟಾಯಿತು. ಅವನು ಹೆದರಿದ್ದು ಮೋಟಾರಿಗೆ. ನಮಗೆ ಅದು ಹೇಗೆ ಗೊತ್ತಾಗಬೇಕು? ನಾನು ಪಂಕಜಾಕ್ಷಿಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಇಬ್ಬರಿಗೂ ಇದ್ದ ಅನುಮಾನ ಅಲ್ಲಿಗೆ ತೀರಿತು.

“ಪಾಪ” ಎಂದಳು ಆಕೆ. “ಎಷ್ಟು ದಿನದಿಂದ ಒಬ್ರೇ ಇಟ್ಕಂಡು ಒದ್ದಾಡ್ತಿದ್ರೋ. ಗಂಡಸರು ಇಂಥಾದ್ದನ್ನ ಹೆಂಡ್ರ ಹತ್ರ ಹೇಳಕ್ಕಾಗಲ್ಲ ಮೇಷ್ಟ್ರೇ. ನಾನಿನ್ನು ಅವ್ರನ್ನ ಕೇಳಲ್ಲ.”

ಮರುದಿನ ಬೆಳಗ್ಗೆ ಅವರ ಜಗುಲಿಯಲ್ಲಿ ಜನ ಸೇರಿದ್ದರು. ಸಾವಿನ ಮನೆಗೆ ತರುವ ಹಾಗೆ ಕಾಂತಮ್ಮ ಅನ್ನ ಸಾರು ಹೊತ್ತು ತಂದಿದ್ದರು. ಇಂಥ ದಿನ ಈ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಅವರೇ ತೀರ್ಮಾನಿಸಿದ್ದರು. ಹೆಂಗಸರು ಗೋಡೆಗೆ ಒರಗಿ ಕೂತು, ಗೋಡೆಯನ್ನೇ ಸವರಿ ನಿಟ್ಟುಸಿರು ಬಿಟ್ಟರು.

“ಇನ್ನೂ ಹನ್ನೊಂದು ವರ್ಷ ಕಣೇ. ಏನು ವಯಸ್ಸಾಗಿತ್ತು ಈ ಮನೆಗೆ?” ಎಂದರು ಒಬ್ಬರು.

“ಒಂದು ಬಿರುಕಿಲ್ಲ, ಒಂದು ಸೋರಿಕೆ ಇಲ್ಲ. ಗಟ್ಟಿಮುಟ್ಟಾಗಿತ್ತು” ಎಂದರು ಇನ್ನೊಬ್ಬರು.

ದಿನಸಿ ಅಂಗಡಿಯ ಈರಭದ್ರಪ್ಪ ಬಂದರು. ಅರ್ಧ ಕೆಜಿ ಸಕ್ಕರೆ ತಂದಿದ್ದರು, ಸಾಲದ ಚೀಟಿಯನ್ನೂ ತಂದಿದ್ದರು. “ಇಂಥ ಹೊತ್ತಲ್ಲಿ ಕೇಳಬಾರದು ತಾಯಿ. ಆದ್ರೂ ಬ್ಯಾಂಕ್ನೋರು ಬೀಗ ಹಾಕಿದ ಮ್ಯಾಲೆ ನಾನು ಯಾರನ್ನ ಕೇಳಲಿ? ಸಾವಿರದ ನೂರ ನಲವತ್ತು. ಸಕ್ಕರೆ ಲೆಕ್ಕಕ್ಕಿಲ್ಲ, ಅದು ನನ್ನ ಕಡೆಯಿಂದ.” ಪಂಕಜಾಕ್ಷಿ ಹೊಲಿಗೆ ಮೆಷಿನ್ನಿನ ಡ್ರಾಯರ್ ತೆಗೆದು ಎಣಿಸಿ ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸೈಟು ಮಾರಿಸುವ ದಲ್ಲಾಳಿ ಮೃತ್ಯುಂಜಯ ಬೈಕಿನಲ್ಲಿ ಬಂದಿಳಿದ. ಬಹಳ ಬೇಸರದ ಮುಖ ಮಾಡಿಕೊಂಡು ಜೇಬಿನಿಂದ ಅಳತೆ ಟೇಪು ತೆಗೆದ. “ಹರಾಜಿಗೆ ಹೋದ್ರೆ ಮಣ್ಣಿನ ಬೆಲೆ ಅಕ್ಕಾ. ಅದಕ್ಕಿಂತ ಮುಂಚೆ ಒಂದು ಪಾರ್ಟಿ ನೋಡೋಣ. ಈ ತುದಿ ಸ್ವಲ್ಪ ಹಿಡ್ಕಳಿ.”

ಪಂಕಜಾಕ್ಷಿ ಟೇಪಿನ ತುದಿ ಹಿಡಿದುಕೊಂಡಳು. ತನ್ನ ಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಅವನು ಹೇಳಿದ ಕಡೆಗೆಲ್ಲ ಹಿಡಿದುಕೊಂಡು ಓಡಾಡಿದಳು. “ಅಡಿಗೆಮನೆ ಎಂಟು ಹತ್ತು” ಎಂದು ಅವನು ಕೂಗಿದರೆ, “ಎಂಟೂಕಾಲು ಐತೆ, ನೋಡಪ್ಪಾ” ಎಂದು ತಿದ್ದಿದಳು. ಆ ಟೇಪನ್ನು ಆಕೆಯ ಕೈಯಿಂದ ಬಿಡಿಸಬೇಕೆಂದು ಇಡೀ ಜಗುಲಿಯಲ್ಲಿ ಒಬ್ಬರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಮೂರು ದಿನ ಆಕೆ ಯಾರ ಯಾರನ್ನೋ ಕೇಳಿದಳು. ಹೆಂಗಸರ ಸಂಘದಲ್ಲಿ ಮೂವತ್ತು ಸಾವಿರಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದರು. ಕತ್ತಿನ ಸರ ಒತ್ತೆಯಿಟ್ಟರೂ ಎಪ್ಪತ್ತು ಸಾವಿರ ದಾಟುತ್ತಿರಲಿಲ್ಲ. ನಾನು ನಲವತ್ತು ಸಾವಿರ ಕೊಡುತ್ತೇನೆಂದೆ. ಆಕೆ ಕೈಮುಗಿದು ಬೇಡವೆಂದಳು. ನಾಲ್ಕನೆಯ ದಿನ ತಲೆ ಬಾಚಿಕೊಂಡು ಬಂದು ನಿಂತಳು.

“ಬುಕ್ಕಾಂಬುಧಿಗೆ ಹೋಗ್ಬೇಕು ಮೇಷ್ಟ್ರೇ. ಒಬ್ಳೇ ಹೋದ್ರೆ ವಾಪಸ್ ಬಂದ್ಬಿಡ್ತೀನಿ. ನೀವೂ ಬನ್ನಿ.”

ರೇವಣಪ್ಪ ಊಟಕ್ಕೆ ಕೂತಿದ್ದವನು ಎಂಜಲು ಕೈಯಲ್ಲೇ ಎದ್ದು ಬಂದ. “ಅಕ್ಕಾ! ಒಳಗೆ ಬಾ ಅಕ್ಕಾ!” ಎಂದ. ಅವನ ಕಣ್ಣು ತುಂಬಿದ್ದು ನಿಜ. ಆಕೆ ಹೊಸ್ತಿಲ ಹೊರಗೇ ನಿಂತಳು.

“ಸೈನ್ ಹಾಕ್ತೀನಿ ಕಣೋ. ಮೂರು ಲಕ್ಷ ಕೊಡ್ತೀನಿ ಅಂದಿದ್ದೆ. ಕೊಡು.”

“ಯಾಕಕ್ಕಾ, ಏನಾಯ್ತು? ಭಾವ ಚೆನ್ನಾಗವ್ರಾ?”

“ಚೆನ್ನಾಗವ್ರೆ. ಯಾಕೆ ಅಂತ ಕೇಳ್ಬೇಡ. ಕೇಳಿದ್ರೆ ಸೈನ್ ಹಾಕಲ್ಲ.”

ಗೃಹಪ್ರವೇಶದ ಆ ತಮಾಷೆ ಮತ್ತೆ ಅವನ ಬಾಯಲ್ಲಿ ಬರುವುದು ಆಕೆಗೆ ಬೇಕಿರಲಿಲ್ಲ. ಅವನು ತಲೆ ಕೆರೆದುಕೊಂಡ. ಅಕ್ಕ ಬಂದದ್ದು ಸಂತೋಷ, ಬಂದ ಕಾರಣ ಇನ್ನೂ ಸಂತೋಷ, ಆ ಸಂತೋಷಕ್ಕೆ ನಾಚಿಕೆ. ಮೂರೂ ಅವನ ಮುಖದ ಮೇಲೆ ಒಂದರ ಹಿಂದೊಂದು ಹಾದುಹೋದವು. ಪಾಲು ಬಿಟ್ಟುಕೊಡುವ ಪತ್ರ ಬರೆಸಿ ಮೂರು ವರ್ಷದಿಂದ ಬೀರುವಿನಲ್ಲೇ ಇಟ್ಟುಕೊಂಡಿದ್ದ. ತಾರೀಕು ತಿದ್ದಿಸುವುದೊಂದೇ ಬಾಕಿ.

ವಾಪಸ್ಸು ಬರುವಾಗ ಪಂಕಜಾಕ್ಷಿ ಹೊಂಗೆ ಮರದ ಬಳಿ ಕೂತು ಸಮಾಧಿಯ ಮೇಲಿನ ಕಳೆ ಕಿತ್ತಳು. ಬಸ್ಸು ಬಂತು, ಆಕೆ ಏಳಲಿಲ್ಲ. ಕಂಡಕ್ಟರಿಗೆ ಹೋಗಿ ಎಂದು ಕೈಸನ್ನೆ ಮಾಡಿದೆ. ಇನ್ನೊಂದು ಬಸ್ಸಿಗೆ ಒಂದೂವರೆ ಗಂಟೆ ಕಾದೆವು. ಅಷ್ಟು ಹೊತ್ತೂ ಕಿತ್ತಳು, ಒಂದು ಹುಲ್ಲುಕಡ್ಡಿ ಉಳಿಯದ ಹಾಗೆ.

ಇಪ್ಪತ್ತಾರರಂದು ತರೀಕೆರೆಯ ನೋಂದಣಿ ಕಚೇರಿಗೆ ಹೋದೆವು. ಅಲ್ಲಿ ಕಂಪ್ಯೂಟರಿನ ಮೇಲೆ ಒಂದು ಪುಟ್ಟ ಕ್ಯಾಮೆರಾ; ಅದರ ಮುಂದೆ ಕೂತವರ ಫೋಟೋ ಪತ್ರಕ್ಕೆ ಬರುತ್ತದೆ. ಫೋಟೋ ತೆಗೆಯುವವನು ಮೂರು ಸಲ ನಿಲ್ಲಿಸಿದ.

“ಅಮ್ಮಾ, ಕಣ್ಣೊರೆಸ್ಕಳಿ. ಮುಖ ಹೊಳೀತೈತೆ, ಫೋಟೋ ಬರ್ತಿಲ್ಲ.”

ಆಕೆ ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಹೊಳೆಯಿತು. ಕೊನೆಗೆ ಅವನು ಫ್ಯಾನನ್ನೇ ಆಕೆಯ ಕಡೆ ತಿರುಗಿಸಿದ. ಮುಖ ಆರಿದ ಆ ಒಂದು ಕ್ಷಣದಲ್ಲಿ ಪಟ್ಟನೆ ತೆಗೆದ. ಸಾಕ್ಷಿಯ ಜಾಗದಲ್ಲಿ ನಾನು ರುಜು ಹಾಕಿದೆ, ಇಂಗ್ಲಿಷಿನಲ್ಲಿ, ಕೆಳಗೆ ಎಂ.ಎ., ಬಿ.ಎಡ್. ಎಂದೂ ಬರೆದೆ. ಬರೆಯುವ ಅಗತ್ಯವಿರಲಿಲ್ಲ. ಜಾಗ ಇತ್ತು.

ಮರುದಿನ ಬೆಳಗಿನ ಬಸ್ಸಿಗೆ ಬೀರೂರು, ಅಲ್ಲಿಂದ ಕಡೂರು. ಪಂಕಜಾಕ್ಷಿ ನೋಟಿನ ಕಟ್ಟುಗಳನ್ನು ರವಿಕೆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಬ್ಯಾಂಕಿನವರು ಏನಾದರೂ ತಕರಾರು ಎತ್ತಿದರೆ ಇರಲೆಂದು ನಾನು ನಿಘಂಟನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ.

ಬ್ಯಾಂಕಿನ ಬಾಗಿಲು ತಳ್ಳಿದರೆ ಒಳಗೆ ತೀರ್ಥಪ್ಪ. ಇಸ್ತ್ರಿ ಅಂಗಿ. ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕತ್ತಿನ ಹಿಂಭಾಗ ಮನುಷ್ಯರದ್ದರ ಹಾಗೆ ಕಂಡಿತು. ಕೈಯಲ್ಲಿ ಕಾಲು ಕೆಜಿ ಪೇಡದ ಡಬ್ಬಿ. ಮ್ಯಾನೇಜರರ ಮೇಜಿನ ಮುಂದೆ ನಿಂತು ನಗುತ್ತಿದ್ದವನು ನಮ್ಮನ್ನು ಕಂಡು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ಲೇ ಪಂಕಜಾ! ನೀನ್ಯಾಕೆ ಬಂದೆ ಇಲ್ಲಿಗೆ? ಮೇಷ್ಟ್ರೇ, ನೀವ್ಯಾಕೆ?”

ಪಂಕಜಾಕ್ಷಿ ಮೇಜಿನ ಮೇಲೆ ಗಂಟು ಇಟ್ಟು ಬಿಚ್ಚಿದಳು. “ತಗೋಳಮ್ಮಾ. ನಾಳೆವರೆಗೂ ಟೈಮೈತೆ. ಎಲ್ಲಾ ಇದೆ. ನಮ್ಮನೆ ಜಪ್ತಿ ಮಾಡ್ಬೇಡಿ.”

ಮ್ಯಾನೇಜರ್ ಅನುಪಮಾ ಎಂಬ ಮೂವತ್ತರ ಹೆಣ್ಣುಮಗಳು. ಗಂಟನ್ನು ನೋಡಿದಳು, ತೀರ್ಥಪ್ಪನನ್ನು ನೋಡಿದಳು.

“ಸರ್ ಈಗಷ್ಟೇ ಪೂರ್ತಿ ಕಟ್ಟಿದ್ರಲ್ಲ. ಒಂದೇ ಸಾಲಕ್ಕೆ ಇಬ್ಬರಿಬ್ಬರು ಕಟ್ಟೋಕೆ ಬಂದಿದ್ದನ್ನ ನಾನು ಇದೇ ಮೊದಲು ನೋಡ್ತಿರೋದು. ಜಪ್ತಿ ಅಂತ ಯಾರು ಹೇಳಿದ್ದಮ್ಮಾ ನಿಮಗೆ?”

ಪಂಕಜಾಕ್ಷಿ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡು, ಚೀಲದಿಂದ ನಿಘಂಟು ತೆಗೆದು, ಪುಟ ಹುಡುಕಿ ಆಕೆಯ ಮುಂದಿಟ್ಟೆ. ಮ್ಯಾನೇಜರ್ ಮರ್ಯಾದೆಯಿಂದ ಓದಿದಳು.

“ಪುಸ್ತಕದಲ್ಲಿರೋದು ಸರಿಯಾಗೇ ಇದೆ ಸರ್. ಆದ್ರೆ ನಮ್ಮಲ್ಲಿ, ಅವಧಿಗಿಂತ ಮುಂಚೆ ಸಾಲ ಪೂರ್ತಿ ತೀರಿಸಿ ಮುಚ್ಚೋದಕ್ಕೂ ಫೋರ್‌ಕ್ಲೋಷರ್ ಅಂತೀವಿ. ಇವರೇ ಬಂದು ಕೇಳಿದ್ರು. ಇವರು ಕೇಳಿದ್ದಕ್ಕೇ ನಾವು ಕಾಗದ ಕಳಿಸಿದ್ದು.”

ತೀರ್ಥಪ್ಪನಿಗೆ ಆಗ ಅರ್ಥವಾಯಿತು. ಅವನು ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವ ಹಾಗೆ, ಮೇಜು ಹಿಡಿದುಕೊಂಡು, ಬ್ಯಾಂಕಿಗೆ ಬ್ಯಾಂಕೇ ತಿರುಗಿ ನೋಡುವ ಹಾಗೆ ನಕ್ಕ. “ಅಯ್ಯೋ ಮೇಷ್ಟ್ರೇ! ಮನೆ ನಮ್ದಾಗೋ ಹೊತ್ತಿಗೇ ಜಪ್ತಿ ಮಾಡ್ಸಿಬಿಟ್ರಲ್ಲ! ತಗೋ ಪಂಕಜಾ, ಪೇಡ ತಿನ್ನು. ಸಾಲ ತೀರ್ತು ಕಣೇ! ಇನ್ನು ನಾವು ಬಾಡ್ಗೆಗಿಲ್ಲ!” ಪೇಡವನ್ನು ತಾನೇ ಆಕೆಯ ಬಾಯಿಗಿಟ್ಟ. ಆಮೇಲೆ ಗಂಟಿನ ಕಡೆ ನೋಡಿ, ಇನ್ನೂ ನಗುತ್ತಲೇ ಕೇಳಿದ. “ಇಷ್ಟೊಂದು ದುಡ್ಡು ಎಲ್ಲಿಂದ ತಂದೆ? ಯಾರ್ದೋ ಅವ್ರಿಗೆ ವಾಪಸ್ ಕೊಟ್ಬಿಡಾಣ.”

ಆಕೆಯ ಬಾಯಲ್ಲಿ ಪೇಡವಿತ್ತು. ನಾನೇ ಹೇಳಬೇಕಾಯಿತು.

ತೀರ್ಥಪ್ಪನ ನಗು ನಿಂತಿತು. ಅಲ್ಲಿದ್ದ ಕುರ್ಚಿಯ ಮೇಲೆ ಕೂತ. “ನಿನ್ನೆನಾ?” ಎಂದ. “ನಿನ್ನೆ” ಎಂದೆ. “ನಾನೊಂದು ಮಾತು ಫೋನಲ್ಲಿ ಹೇಳಿದ್ರೆ...” ಎಂದವನು ಅಲ್ಲಿಗೇ ನಿಲ್ಲಿಸಿದ. ಮ್ಯಾನೇಜರ್ ಎದ್ದು, ಮನೆಪತ್ರವಿದ್ದ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಡಲು ಬಂದಳು. ಅವನು ಅದನ್ನು ನೋಡಲೇ ಇಲ್ಲ. ನಾನು ಇಸಿದುಕೊಂಡೆ.

ಅಲ್ಲಿಂದ ನೆಟ್ಟಗೆ ಬುಕ್ಕಾಂಬುಧಿಗೆ ಹೋದೆವು. ರೇವಣಪ್ಪನಿಗೆ ಎಲ್ಲಾ ಹೇಳಿದೆವು. ತೀರ್ಥಪ್ಪ ಗಂಟನ್ನು ಅವನ ಕಾಲ ಬಳಿ ಇಟ್ಟು, “ಇದರ ಮೇಲೆ ಇನ್ನೂ ಬೇಕಾದ್ರೆ ಹೇಳಪ್ಪಾ, ಮನೆ ಮೇಲೆ ಮತ್ತೆ ಸಾಲ ಎತ್ತಿ ಕೊಡ್ತೀನಿ. ಪತ್ರ ವಾಪಸ್ ಮಾಡು” ಎಂದ. ಹನ್ನೊಂದು ವರ್ಷ ಕಾಲು ಲೀಟರ್ ಹಾಲಿನಲ್ಲಿ ಬದುಕಿದವನ ಮಾತಿದು.

ರೇವಣಪ್ಪ ಹೊರಗಿನ ಕಟ್ಟೆಯ ಮೇಲೆ ಕುಸಿದು ಕೂತ. “ಭಾವಾ, ನಿನ್ನೆ ಸಾಯಂಕಾಲವೇ ಅಗ್ರಿಮೆಂಟ್ ಆಗೋಯ್ತು. ಅಡ್ವಾನ್ಸ್ ಇಸ್ಕಂಡು ಸೊಸೈಟಿ ಸಾಲಕ್ಕೆ ಕಟ್ಬಿಟ್ಟೆ. ಈಗ ಬಿಡು ಅಂದ್ರೆ ಹೊಲ ತಗಳೋರು ಅಡ್ವಾನ್ಸಿನ ಡಬಲ್ ಕೇಳ್ತಾರೆ. ಎಲ್ಲಿಂದ ತರ್ಲಿ?” ಎಂದು, ಆಮೇಲೆ ಅಕ್ಕನ ಕಡೆ ತಿರುಗಿದ. “ಅವ್ವನಿಗೆ ಒಂದು ಆರಡಿ ಬಿಡ್ರೀ ಅಂತ ಕೈಮುಗುದೆ ಅಕ್ಕಾ. ಅಲ್ಲಿ ಪೆಟ್ರೋಲ್ ಬಂಕು ಬರ್ತೈತಂತೆ. ಆ ಮೂಲೇಲೇ ನೆಲದೊಳಗೆ ಟ್ಯಾಂಕ್ ಹೂಳ್ತಾರಂತೆ. ಸೋಮವಾರ ಜೆಸಿಬಿ ಬರ್ತೈತೆ. ಆವತ್ತು ಬಂದಾಗ್ಲೇ ಯಾಕೆ ಅಂತ ಹೇಳಿದ್ದಿದ್ರೆ ಆ ಎರಡು ಲಕ್ಷ ನಾನೇ ಹಂಗೇ ಕೊಡ್ತಿದ್ದೆ ಕಣೇ ಅಕ್ಕಾ...”

ಕೊಡುತ್ತಿದ್ದನೋ ಇಲ್ಲವೋ, ಆ ಹೊತ್ತಿನಲ್ಲಿ ಅವನು ನಿಜವೇ ಹೇಳುತ್ತಿದ್ದ. ಪಂಕಜಾಕ್ಷಿ ಆವತ್ತು ಹೊಸ್ತಿಲು ದಾಟಿ ಒಳಗೆ ಹೋಗಿ, ತಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟಳು.

ಊರ ಮಠದ ಅಯ್ಯನವರನ್ನು ಕೇಳಿದ್ದಕ್ಕೆ, “ಐದು ವರ್ಷ ಆಯ್ತು, ಅಗೀಬ್ಯಾಡಿ. ಮಣ್ಣಿಗೆ ಮಣ್ಣಾಗವ್ರೆ. ಮಣ್ಣನ್ನೇ ಕರ್ಕಂಡು ಹೋಗಿ” ಎಂದರು. ಭಾನುವಾರ ಬೆಳಗ್ಗೆ ಎಲ್ಲರೂ ಹೊಂಗೆ ಮರದ ಬಳಿ ಸೇರಿದೆವು. ಅಯ್ಯನವರು ವಿಭೂತಿ ಹಾಕಿ ಮಂತ್ರ ಹೇಳಿದರು. ಮೂರು ಹಿಡಿ ಸಾಕೆಂದಿದ್ದರು. ಪಂಕಜಾಕ್ಷಿ ಹಿಡಿ ಹಿಡಿಯಾಗಿ ಒಂದು ಕೊಳಗದ ತುಂಬ ತುಂಬಿಕೊಂಡಳು. ಯಾರೂ ತಡೆಯಲಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಕೊಳಗವನ್ನು ಪಕ್ಕದ ಸೀಟಿನ ಮೇಲಿಟ್ಟಳು, ಕಿಟಕಿಯ ಬದಿಗೆ. ಕಂಡಕ್ಟರ್ ಲಗೇಜು ಕೆಳಗಿಡಿ ಎಂದ. ತೀರ್ಥಪ್ಪ ಇನ್ನೊಂದು ಟಿಕೆಟ್ ತೆಗೆದುಕೊಂಡ.

ಮನೆಗೆ ಬಂದಮೇಲೆ ಗೊತ್ತಾದದ್ದು, ಆ ಮನೆಯಲ್ಲಿ ಮಣ್ಣೇ ಇಲ್ಲ. ಹಿಂದೆ ಬಚ್ಚಲು, ಪಕ್ಕದಲ್ಲಿ ಎರಡಡಿ ಓಣಿ, ಮುಂದೆ ಗೋಡೆಯಿಂದ ಗೇಟಿನವರೆಗೆ ಸಿಮೆಂಟು. ಪಂಕಜಾಕ್ಷಿ ಕೊಳಗ ಹಿಡಿದುಕೊಂಡು ಸುತ್ತ ನೋಡಿದಳು. “ಕುಂಡದಲ್ಲಿ ಹಾಕಾಣ ಬಿಡ್ರೀ” ಎಂದಳು.

“ಕುಂಡದಲ್ಲಿ ಯಾಕೆ? ಮನೆ ನಮ್ದು” ಎಂದ ತೀರ್ಥಪ್ಪ.

ನನ್ನ ಮನೆಯಿಂದ ಹಾರೆ ಇಸಿದುಕೊಂಡು, ಇಸ್ತ್ರಿ ಅಂಗಿ ಬಿಚ್ಚಿ ಗೇಟಿಗೆ ಹಾಕಿ, ಬಾಗಿಲ ಎಡಕ್ಕೆ ಸಿಮೆಂಟಿನ ಮೇಲೆ ಮೊದಲ ಏಟು ಹಾಕಿದ. ಗಟ್ಟಿ ಕೆಲಸ, ಬೇಗ ಬಿಡಲಿಲ್ಲ. ಐದನೆಯದೋ ಆರನೆಯದೋ ಏಟಿಗೆ ಅಡಿಯಲ್ಲಿದ್ದ ನೀರಿನ ಪೈಪು ಒಡೆದು ಆಳೆತ್ತರ ಚಿಮ್ಮಿತು. ನಾನು ವಾಲ್ವು ತಿರುಗಿಸಲು ಓಡಿದೆ. ಅವನು ಹಾರೆ ನಿಲ್ಲಿಸಲಿಲ್ಲ. ತೊಯ್ದು ತೊಪ್ಪೆಯಾಗಿ, ಮುಖದ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ ಏಟಿನ ಮೇಲೆ ಏಟು ಹಾಕುತ್ತಲೇ ಇದ್ದ. ಪಂಕಜಾಕ್ಷಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಡೆದ ಚೂರುಗಳನ್ನು ಕೈಯಿಂದ ಆಯ್ದು ಆಚೆ ಹಾಕಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸದ್ದು ಕೇಳಿ ಬೀದಿಯ ಬಾಗಿಲುಗಳೆಲ್ಲ ತೆರೆದವು. ಕಾಂತಮ್ಮ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಓಡಿಬಂದರು.

“ಅಯ್ಯೋ ಶಿವನೇ! ಒಡೆಯಕ್ಕೇ ಶುರು ಮಾಡ್ಬಿಟ್ರಾ? ಬ್ಯಾಂಕ್ನೋರು ಬಂದ್ರಾ ತೀರ್ಥಪ್ಪಾ?”

ತೀರ್ಥಪ್ಪ ಹಾರೆ ಊರಿ ನಿಂತು ಉಸಿರೆಳೆದುಕೊಂಡ.

“ಇಲ್ಲ ಕಾಂತಮ್ಮಾ” ಎಂದ. “ನಮ್ಮತ್ತೆ ಬಂದವ್ರೆ.”

ಕಾಂತಮ್ಮ ಹೊಸ್ತಿಲ ಬಳಿಯಿದ್ದ ಕೊಳಗವನ್ನು ನೋಡಿದರು. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು.